ಬೆಂಚಿನ ಮೇಲೆ ಕೂತವನು ಬೆಳೆಯುವುದಿಲ್ಲ



ಮೊನ್ನೆ ಸಂಘದ ಸಭೆ ಮುಗಿದ ಮೇಲೆ ನಿಮ್ಮಲ್ಲೊಬ್ಬ ನನ್ನ ಬಳಿ ಬಂದ. "ಅಂಕಲ್, ನೀವೂ ಬಝರ್‌ಬೀಟರ್ ಆಡ್ತೀರಂತಲ್ಲ? ನನ್ನ ಟೀಮಿನ ಹುಡುಗರು ಮೇಲೇಳೋದೇ ಇಲ್ಲ" ಎಂದು ಗೋಳು ಹೇಳಿಕೊಂಡ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಇಂಟರ್‌ನೆಟ್ಟಿನಲ್ಲಿ ಬಾಸ್ಕೆಟ್‌ಬಾಲ್ ತಂಡವನ್ನು ನಡೆಸುವ ಆಟ. ಚೆಂಡು ನಮ್ಮ ಕೈಗೆ ಬರುವುದಿಲ್ಲ. ಯಾರನ್ನು ಕೊಳ್ಳಬೇಕು, ಯಾರನ್ನು ಆಡಿಸಬೇಕು, ಯಾರಿಗೆ ಏನು ಕಲಿಸಬೇಕು ಎಂಬುದಷ್ಟೇ ನಮ್ಮ ಪಾಲಿನದು. ಪಂದ್ಯವನ್ನು ಕಂಪ್ಯೂಟರ್ ಆಡುತ್ತದೆ.

"ಹುಡುಗರನ್ನು ವಾರಕ್ಕೆ ಎಷ್ಟು ನಿಮಿಷ ಆಡಿಸ್ತೀಯಪ್ಪಾ?" ಎಂದು ಕೇಳಿದೆ.

"ರಿಸರ್ವ್‌ನಲ್ಲಿ ಇಟ್ಟಿರ್ತೀನಿ ಅಂಕಲ್. ಮ್ಯಾಚ್ ಸೋಲಬಾರದಲ್ಲ!"

ರೋಗ ಅಲ್ಲೇ ಇದೆ. ಈ ಆಟದಲ್ಲಿ ವಾರಕ್ಕೊಂದು ವಿದ್ಯೆಯನ್ನು ಆರಿಸಿ ತಾಲೀಮು ಕೊಡುತ್ತೀರಿ. ಆದರೆ ಆ ವಿದ್ಯೆಗೆ ತಕ್ಕ ಸ್ಥಾನದಲ್ಲಿ ಪಂದ್ಯ ಆಡಿದವನಿಗೆ ಮಾತ್ರ ಅದು ಹತ್ತುತ್ತದೆ. ಪೂರ್ತಿ ಫಲ ಬೇಕಾದರೆ ವಾರದಲ್ಲಿ 48 ನಿಮಿಷ, ಅಂದರೆ ಇಡೀ ಒಂದು ಪಂದ್ಯದಷ್ಟು ಹೊತ್ತು ಆಡಬೇಕು. ವಾರಕ್ಕೆ ಮೂರು ಪಂದ್ಯಗಳಾದರೆ ಒಂದು ಸ್ಥಾನಕ್ಕೆ 144 ನಿಮಿಷ. ಮೂವರಿಗೆ ಸರಿಯಾಗಿ ಸಾಲುತ್ತದೆ, ನಾಲ್ಕನೆಯವನಿಗಿಲ್ಲ. ಎರಡು ಸ್ಥಾನದವರಿಗೆ ಒಟ್ಟಿಗೆ ಕಲಿಸಬಹುದು, ಆದರೆ ವೇಗ ತಗ್ಗುತ್ತದೆ. ಹಾಗೆಂದು ಒಬ್ಬನನ್ನೇ ಮೂರೂ ಪಂದ್ಯ ದುಡಿಸಿದರೆ ಅವನು ದಣಿದು ಲಯ ತಪ್ಪುತ್ತಾನೆ.

ಇನ್ನೊಂದು ಸಂಕಟವಿದೆ. ಎತ್ತರದ ಹುಡುಗ ರಿಬೌಂಡನ್ನು ಬೇಗ ಕಲಿಯುತ್ತಾನೆ, ಪಾಸಿಂಗ್ ನಿಧಾನ. ಅವನಿಗೆ ಪಾಸಿಂಗ್ ಬರಬೇಕಾದರೆ ಪಾಯಿಂಟ್ ಗಾರ್ಡ್ ಜಾಗದಲ್ಲಿ ಆಡಿಸಬೇಕು. ನಾನು 18ರ ಹರೆಯದ ಒಬ್ಬ ಸೆಂಟರ್‌ನನ್ನು ಹಾಗೆ ಇಳಿಸಿದೆ. ಮೊದಲ ಪಂದ್ಯದಲ್ಲೇ ಚೆಂಡನ್ನು ಮತ್ತೆ ಮತ್ತೆ ಎದುರಾಳಿಗೆ ಒಪ್ಪಿಸಿದ. ಸೋತೆವು. ಎರಡು ಮೂರು ವಾರ ಪಾಸಿಂಗಿನ ಮಟ್ಟ ಇದ್ದಲ್ಲೇ ಇತ್ತು. ಮಾರಿಬಿಡೋಣ ಎನ್ನಿಸಿತು. ಆದರೆ ಕಲಿತದ್ದು ಒಳಗೊಳಗೇ ಜಮೆಯಾಗುತ್ತಿರುತ್ತದೆ. ಮಟ್ಟ ಏರಿದ ದಿನವೇ ನಮ್ಮ ಕಣ್ಣಿಗೆ ಬೀಳುವುದು. ಇದನ್ನೆಲ್ಲ 28ಕ್ಕೆ ಮಾಡುತ್ತೇನೆಂದರೆ ಆಗದು, ವಯಸ್ಸಾದಂತೆ ಕಲಿಕೆ ಕುಂಠಿತವಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಹೀಗಾಗಿ ಆ ಹುಡುಗನಿಗೆ ಹೇಳಿದೆ: ಮೂವರನ್ನು ಆರಿಸಿಕೋ. ಕೊಳ್ಳುವ ಮುಂಚೆ ಅವರ ಸಾಮರ್ಥ್ಯದ ಮಿತಿ ನೋಡು, ಏಕೆಂದರೆ ಅದನ್ನು ಮುಟ್ಟಿದ ಮೇಲೆ ಬೆಳವಣಿಗೆ ತೆವಳುತ್ತದೆ. ಸ್ನೇಹಪಂದ್ಯಗಳನ್ನು ಅವರಿಗೇ ಬಿಡು. ಲೀಗಿನಲ್ಲೂ ಕೆಲವು ಸೋಲುಗಳಿಗೆ ಸಿದ್ಧನಾಗು.

ಅವನು ತಲೆಯಾಡಿಸಿ ಹೋದ. ನನಗೆ ಮಾತ್ರ ಒಳಗೇ ಚುಚ್ಚಿತು. ಕಳೆದ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಕೇಳಿಕೊಂಡು ಬಂದಿದ್ದವನು ಇವನೇ. "ಅವನಿಗೆ 'ಳ'ಕಾರ ಹೊರಳುವುದಿಲ್ಲ, ಪರದೆ ಎಳೆಯಲಿ" ಎಂದವನು ನಾನೇ. ನಾಟಕ ಚೆನ್ನಾಗಿಯೇ ಆಯಿತು, ಚಪ್ಪಾಳೆಯೂ ಬಿತ್ತು. ಅವನ 'ಳ'ಕಾರ ಮಾತ್ರ ಇದ್ದಲ್ಲೇ ಇದೆ. ಮನೆಯ ಹೊರಗೆ ದಿನವಿಡೀ ಬೇರೆ ಭಾಷೆ ಆಡುವ ಹುಡುಗನಿಗೆ ಕನ್ನಡದ ನಿಮಿಷಗಳು ಇನ್ನೆಲ್ಲಿ ಸಿಗಬೇಕು?

ಈ ಸಲ ನಾಟಕದ ಮಾತು ಬಂದಾಗ ನೀವು ಪಾತ್ರ ಕೇಳಿ, ಪರದೆಯ ಹಗ್ಗವನ್ನಲ್ಲ. ತಪ್ಪು ಉಚ್ಚಾರಕ್ಕೆ ಒಂದಿಬ್ಬರು ನಕ್ಕಾರು, ನಗಲಿ. ಹಗ್ಗ ಎಳೆಯಲು ನಾನಿದ್ದೇನೆ. ಏನಂತೀರಿ?