ಕಾಲು ಜಾರೋದು ಇಳಿಯುವಾಗ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಗೊತ್ತು: ಏದುಸಿರು ಬರೋದು ಹತ್ತುವಾಗ, ಕಾಲು ಜಾರೋದು ಇಳಿಯುವಾಗ. ಕಂಪ್ಯೂಟರಿನ ಕಥೆಯೂ ಹಾಗೇ.

ನಾವು ಬಳಸುವ ಆ್ಯಪ್‌ಗಳಿಗೆ ಅಧಿಕಾರ ಕಡಿಮೆ. ಒಂದು ಫೈಲ್ ತೆರೆಯೋಕೂ ಆಪರೇಟಿಂಗ್ ಸಿಸ್ಟಂನ ಕೇಂದ್ರವಾದ ಕರ್ನಲ್‌ಗೆ ಅರ್ಜಿ ಹಾಕಬೇಕು. ಕರ್ನಲ್ ಪೂರ್ಣ ಅಧಿಕಾರದಲ್ಲಿ ಕೆಲಸ ಮುಗಿಸಿ, ಅಧಿಕಾರ ಕಳಚಿಟ್ಟು ಆ್ಯಪ್‌ಗೆ ಮರಳುತ್ತೆ. ಹೀಗೆ ಮರಳಲು ಪ್ರೊಸೆಸರ್‌ನಲ್ಲಿರುವ ಒಂದು ಆಜ್ಞೆ 'ಸಿಸ್‌ರೆಟ್'.

ಮರಳಬೇಕಾದ ವಿಳಾಸವೇ ಅಸಿಂಧುವಾಗಿದ್ದರೆ? ಎಎಂಡಿ ಪ್ರೊಸೆಸರ್ ಅಧಿಕಾರ ಕಳಚಿದ ಮೇಲೆ ದೋಷ ಎತ್ತುತ್ತೆ. ಇಂಟೆಲ್ ಕಳಚುವ ಮೊದಲೇ ಎತ್ತುತ್ತೆ. ಅಷ್ಟರಲ್ಲಿ ಕರ್ನಲ್ ತನ್ನ ಸ್ಟ್ಯಾಕ್ ಬಿಟ್ಟು ಆ್ಯಪ್‌ನ ಸ್ಟ್ಯಾಕ್‌ಗೆ ಬಂದಿರುತ್ತೆ. ಅಂದರೆ ಅಧಿಕಾರ ಕರ್ನಲ್‌ನದು, ಎಲ್ಲಿ ಬರೆಯಬೇಕು ಅನ್ನೋ ತೀರ್ಮಾನ ದಾಳಿಕೋರನದು. ಇಡೀ ಯಂತ್ರ ಅವನ ಕೈಗೆ ಸಿಗಬಹುದು.

ಪರಿಹಾರ ದೊಡ್ಡದೇನಲ್ಲ: ವಿಳಾಸದ ಬಗ್ಗೆ ಅನುಮಾನವಿದ್ದರೆ ನಿಧಾನವಾದರೂ ಸುರಕ್ಷಿತವಾದ 'ಐರೆಟ್' ದಾರಿ ಹಿಡಿಯೋದು. ಲಿನಕ್ಸ್ 2006ರಲ್ಲೇ, ಬಹಿರಂಗವಾಗಿಯೇ ಪ್ಯಾಚ್ ಹಾಕಿತ್ತು. ಆದರೂ 2012ರ ಜೂನ್‌ನಲ್ಲಿ ಇದೇ ತೂತು ವಿಂಡೋಸ್, ಫ್ರೀಬಿಎಸ್‌ಡಿ, ಕ್ಸೆನ್‌ಗಳಲ್ಲಿ ಇರೋದು ಬಯಲಾಯ್ತು. ಆರು ವರ್ಷ! ನಮ್ಮ ಪ್ರೊಸೆಸರ್ ದಾಖಲೆಯಲ್ಲಿ ಬರೆದಂತೆಯೇ ನಡೆಯುತ್ತೆ, ಇದು ಸಾಫ್ಟ್‌ವೇರ್‌ನವರ ಸಮಸ್ಯೆ ಅನ್ನೋದು ಇಂಟೆಲ್ ನಿಲುವು. ಸರ್ಕಾರಿ ಕಚೇರಿಯ 'ಇದು ನಮ್ಮ ಇಲಾಖೆಗೆ ಬರಲ್ಲ' ನೆನಪಾಗಲ್ವಾ?

ಇದು ರಾಜಕೀಯ ಆಗೋದು ಇಲ್ಲೇ. ನಮ್ಮ ಪಹಣಿ, ಪಿಂಚಣಿ, ರೇಷನ್ ಕಾರ್ಡ್ ಎಲ್ಲ ಈಗ ಸರ್ವರ್‌ಗಳಲ್ಲಿವೆ. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಿ ಅನ್ನುತ್ತೆ ಸರ್ಟ್-ಇನ್‌ನ 2022ರ ನಿರ್ದೇಶನ. ಅದು ಕಳ್ಳತನ ಆದ ಮೇಲಿನ ದೂರು. ಬೀಗ ರಿಪೇರಿಗೂ ಗಡುವು ಬೇಕು. ಅಮೆರಿಕ 2021ರಲ್ಲಿ ಅದನ್ನೇ ಮಾಡಿತು: ದಾಳಿಕೋರರು ಬಳಸುತ್ತಿರುವ ದೋಷಗಳ ಪಟ್ಟಿ ಪ್ರಕಟಿಸಿ, ಫೆಡರಲ್ ಕಚೇರಿಗಳಿಗೆ ಒಂದೊಂದಕ್ಕೂ ಗಡುವು ಕೊಟ್ಟಿತು.

ಆತುರದ ಅಪ್‌ಡೇಟ್ ಕೂಡ ಅಪಾಯವೇ, ನಿಜ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ಗೆ ವಿಂಡೋಸ್ ಯಂತ್ರಗಳು ಮಲಗಿ, ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಹಾಗಾಗಿ ಗಡುವಿನ ಜೊತೆ ಪರೀಕ್ಷೆಯೂ ಕಡ್ಡಾಯವಾಗಬೇಕು.

ರಾಜ್ಯದ ಪ್ರತಿ ಐಟಿ ಟೆಂಡರ್‌ನಲ್ಲೂ ಮೂರು ಸಾಲು ಇರಲಿ: ರಿಪೇರಿಯ ಹೊಣೆ ಯಾರದು, ಎಷ್ಟು ದಿನದಲ್ಲಿ, ತಪ್ಪಿದರೆ ದಂಡ ಏನು. ಗಡುವು ಮೀರಿದ್ದು ಜನರಿಗೂ ಗೊತ್ತಾಗಲಿ. ಇದನ್ನು ಶಾಸಕರಿಗೆ ಕೇಳೋಕೆ ಕೋಡಿಂಗ್ ಬರಬೇಕಿಲ್ಲ.