ಹಾಥಾಜೋಡಿ ಬೇರಲ್ಲರೀ

ಹೋದ ಶುಕ್ರವಾರ ವೈನಿಯೊಬ್ಬರ ಮನಿಗೆ ಅರಿಷಿಣ ಕುಂಕುಮಕ್ಕ ಹೋಗಿದ್ದೆ. (ಯಾವ ವೈನಿ ಅಂತ ಕೇಳಬ್ಯಾಡ್ರಿ.) ದೇವರ ಮನ್ಯಾಗಿಂದ ಬೆಳ್ಳಿ ಡಬ್ಬಿ ತಗದು ತೋರಿಸಿದ್ರು. ಒಳಗ ಸಿಂಧೂರ, ಲವಂಗ, ಯಾಲಕ್ಕಿ, ನಡುವ ಎರಡು ಕೈ ಜೋಡಿಸಿಧಂಗ ಕಾಣೂ ಒಣಗಿದ ತುಂಡು. "ಹಾಥಾಜೋಡಿ. ಭಾಳ ಅಪರೂಪದ ಬೇರು. ಮನ್ಯಾಗ ಲಕ್ಷ್ಮಿ ನಿಲ್ತಾಳ" ಅಂದ್ರು. ಹೋದ ವರ್ಷ ನಾನೂ ಅದಕ್ಕ ಕುಂಕುಮ ಹಚ್ಚಿ ಕೈ ಮುಗದಾಕಿನ.

ಅದು ಬೇರಲ್ಲ. ಗಂಡು ಉಡದ ಜನನಾಂಗ ಕೊಯ್ದು ಒಣಗಿಸಿದ್ದು. ನಾಚಿಕಿ ಬಿಟ್ಟು ಬರದೇನಿ, ಯಾಕಂದ್ರ ನಮ್ಮ ನಾಚಿಕಿನ ಮಾರೋರ ಬಂಡವಾಳ. ನಾವು ಬಾಯಿ ಮುಚ್ಚಿಕೊಂಡಷ್ಟು ದಿನ ಅದು ಬೇರಾಗೇ ಉಳೀತದ. ಆನ್‌ಲೈನಿನ್ಯಾಗ ಬೇರಂತ ಮಾರಿದ್ದನ್ನ ತರಿಸಿ, ಪ್ರಯೋಗಾಲಯದಾಗ ಡಿಎನ್‌ಎ ನೋಡಿ ಉಡದ್ದು ಅಂತ ಖಾತ್ರಿ ಮಾಡ್ಯಾರ. 2017ರಾಗ ಪೇಪರಿನ್ಯಾಗೂ ಬಂದಿತ್ತು. ಕೆಲವಂತೂ ಪ್ಲಾಸ್ಟಿಕ್ ಎರಕ ಹೊಯ್ದವು!

ಅರಿಷಿಣ ಕೊಂಬು ತೊಗೊಳ್ಳಾಗ ಮುರದು ನೋಡ್ತೇವಿ, ಮೂಸಿ ನೋಡ್ತೇವಿ, ನಾಲ್ಕು ಅಂಗಡಿ ತಿರಗ್ತೇವಿ. "ಅಪರೂಪ" ಅಂದಕೂಡಲೇ ನಮ್ಮ ಆ ಶಾಣ್ಯಾತನ ಎಲ್ಲೆ ಹೋಗ್ತದ? ಯಾವ ಗಿಡದ ಬೇರು, ಎಲಿ ಹೆಂಗಿರ್ತದ, ಹೂವಿನ ಬಣ್ಣ ಯಾವುದು, ಯಾರರೇ ಕೇಳೀರೇನು? ಏಕಮುಖಿ ರುದ್ರಾಕ್ಷಿ ಅಂತ ಕೆತ್ತಿದ್ದನ್ನ ಕೊಂಡ್ರ ರೊಕ್ಕ ಅಷ್ಟ ಹೋಗ್ತದ. ಇಲ್ಲೆ ಒಂದು ಜೀವ ಹೋಗ್ತದ. ಹೊಲದಾಗಿನ ಹುಳ, ಇಲಿ, ಏಡಿ ತಿಂದು ತನ್ನ ಪಾಡಿಗೆ ತಾನಿರೂ ಪ್ರಾಣಿ. ಅದನ್ನ ಕೊಂದು ತಂದು ದೇವರ ಮುಂದ ಇಡೂದು ಯಾವ ಮಡಿ? ಬೆಳ್ಳುಳ್ಳಿ ಮುಟ್ಟಿದ ಕೈಲೆ ದೇವರ ಪಾತ್ರಿ ಮುಟ್ಟಗೊಡದಾಕಿ ನಮ್ಮ ವೈನಿ!

ಕಾಯ್ದೇನೂ ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯೊಳಗ, ಹುಲಿ ಇದ್ದ ಪಟ್ಟಿಯೊಳಗನ, ಉಡ ಅದ. 3 ರಿಂದ 7 ವರ್ಷ ಜೈಲು. ಮಾರಿದಾವಗಷ್ಟ ಅಲ್ಲ, ಮನ್ಯಾಗ ಇಟ್ಕೊಂಡಾಕಿಗೂ ಅದ ಕಾಯ್ದೆ.

"ಇದು ಬಂದ ಮ್ಯಾಲೇ ನನ್ನ ಮಗಗ ನೌಕರಿ ಸಿಕ್ತು" ಅಂದ್ರು ವೈನಿ. ಆ ಹುಡುಗ ಎರಡು ವರ್ಷ ನಿದ್ದಿಗೆಟ್ಟು ಓದಿದ್ದು ಯಾರ ಲೆಕ್ಕಕ್ಕ? ಹಂಗಂತ ಕೇಳಿದ್ದಕ್ಕ ಚಹಾ ಸೈತ ಮಾಡಲಿಲ್ಲ.

ಡಬ್ಬಿ ಈಗ ದೇವರ ಮನಿ ಬಿಟ್ಟು ಟ್ರಂಕಿನೊಳಗ ಹೋಗ್ಯದಂತ. ಅರಣ್ಯ ಇಲಾಖೆ ಆಫೀಸಿಗೆ ಒಯ್ದು ಕೊಡೂಣು, ನಾನೂ ಜೋಡಿ ಬರ್ತೇನಿ ಅಂತ ಫೋನ್ ಮಾಡಿ ಹೇಳೇನಿ. ಇನ್ನೂ ಹೂಂ ಅಂದಿಲ್ಲ.