ಶಂಬೂಕನ ತಾಯಿಯ ಹೆಸರೇನು?

ಚಿತ್ರಕಥೆ ಅಂದರೆ ಮಕ್ಕಳಾಟ, ಅದರ ಬಗ್ಗೆ ಬಂಡಾಯದ ಪತ್ರಿಕೆಯಲ್ಲಿ ಬರೆಯುವುದೇನಿದೆ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನುವಿನ ಪುಸ್ತಕವನ್ನು ನಮ್ಮೂರಲ್ಲಿ ಒಬ್ಬನೂ ಓದಿಲ್ಲ. ಮಂತ್ರ ಹೇಳುವವರೂ ಓದಿಲ್ಲ. ಆದರೂ ಯಾರು ದೇವರು, ಯಾರು ರಾಕ್ಷಸ, ಯಾರ ಮೈಬಣ್ಣ ಯಾವುದು, ಸಿಂಹಾಸನದ ಮೇಲೆ ಕೂತವನು ಯಾರು, ಕಾಲ ಬುಡದಲ್ಲಿ ಬಿದ್ದವನು ಯಾರು ಎಂಬುದು ಆರು ವರ್ಷದ ಐಕ್ಳಿಗೂ ಗೊತ್ತು. ಹೇಳಿಕೊಟ್ಟವರು ಯಾರು? ಕ್ಯಾಲೆಂಡರು ಹೇಳಿಕೊಟ್ಟಿತು, ಸಿನಿಮಾ ಹೇಳಿಕೊಟ್ಟಿತು, ಟಿ.ವಿ. ಹೇಳಿಕೊಟ್ಟಿತು. ಪುಸ್ತಕ ಕೊಳ್ಳುವ ಶಕ್ತಿ ಇರುವ ಮನೆಗಳಲ್ಲಿ ಚಿತ್ರಕಥೆ ಹೇಳಿಕೊಟ್ಟಿತು. ಅಕ್ಷರಕ್ಕಿಂತ ಮುಂಚೆ ಜಾತಿ ಕಲಿಸುವ ಪಾಠ ಚಿತ್ರದ್ದು. ಅದಕ್ಕೇ ಬರೆಯುತ್ತಿದ್ದೇನೆ.

1967ರಲ್ಲಿ ಶುರುವಾದ ಅಮರ ಚಿತ್ರ ಕಥೆಯ ಹುಟ್ಟಿನ ಬಗ್ಗೆ ಅದರ ಅಭಿಮಾನಿಗಳು ಒಂದು ಸಂಗತಿಯನ್ನು ಭಕ್ತಿಯಿಂದ ಹೇಳುತ್ತಾರೆ. ದಿಲ್ಲಿಯ ದೂರದರ್ಶನದಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆ ನಡೆಯುತ್ತಿತ್ತಂತೆ. ಗ್ರೀಕ್ ದೇವತೆಗಳ ಬಗ್ಗೆ ಕೇಳಿದ್ದಕ್ಕೆ ಪಟಪಟನೆ ಉತ್ತರ ಕೊಟ್ಟ ಹುಡುಗರಿಗೆ ರಾಮನ ತಾಯಿ ಯಾರು ಎಂಬುದು ಗೊತ್ತಾಗಲಿಲ್ಲವಂತೆ. ನಮ್ಮ ಕಾರ್ಕಳದಲ್ಲಿ ಹುಟ್ಟಿ ಮುಂಬಯಿ ಸೇರಿದ್ದ ಅನಂತ ಪೈ ಅದನ್ನು ನೋಡಿ ನೊಂದರಂತೆ. ಆ ನೋವಿನಿಂದ ಸರಣಿ ಹುಟ್ಟಿತು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯರ ಕಥೆಗಳು. ಹನ್ನೊಂದನೆಯದು ‘ಕೃಷ್ಣ’. ಅಲ್ಲಿಂದ ಮುಂದೆ ದೇವರುಗಳು, ರಾಜರು, ಋಷಿಗಳು, ಪತಿವ್ರತೆಯರು ಸಾಲುಗಟ್ಟಿ ಬಂದರು.

ಪೈಯವರ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ತೀರಿಕೊಂಡ ಆ ಮನುಷ್ಯ ಕೊನೆಯತನಕ ಮಕ್ಕಳಿಗಾಗಿಯೇ ದುಡಿದರು. ನನ್ನ ತಕರಾರು ಆ ಪ್ರಶ್ನೆಯ ಮೇಲೆ. ರಾಮನ ತಾಯಿ ಕೌಸಲ್ಯೆ ಎಂದು ಗೊತ್ತಿಲ್ಲದಿದ್ದರೆ ದೇಶದ ಸಂಸ್ಕೃತಿ ಮುಳುಗಿಹೋಗುತ್ತದೆ. ಬಾಬಾಸಾಹೇಬರ ತಾಯಿ ಭೀಮಾಬಾಯಿ ಎಂದು ಗೊತ್ತಿಲ್ಲದಿದ್ದರೆ? ಆಗ ಯಾವನಿಗೂ ನೋವಾಗಲಿಲ್ಲವಲ್ಲ, ಯಾಕೆ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ: ತಪಸ್ಸು ಮಾಡಿದ ತಪ್ಪಿಗೆ ಅದೇ ರಾಮನ ಕತ್ತಿಗೆ ತಲೆ ಕೊಟ್ಟ ಶಂಬೂಕನ ತಾಯಿಯ ಹೆಸರೇನು? ವಾಲ್ಮೀಕಿ ರಾಮಾಯಣ ಹೇಳುವುದಿಲ್ಲ. ಶೂದ್ರ ಯೋನಿಯಲ್ಲಿ ಹುಟ್ಟಿದವನು ಎಂದಷ್ಟೇ ಹೇಳುತ್ತದೆ. ತಲೆ ಕಡಿಯುವುದಕ್ಕೆ ಜಾತಿಯ ಹೆಸರು ಸಾಕಾಗಿತ್ತು, ತಾಯಿಯ ಹೆಸರು ಬೇಕಿರಲಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಕೃಷ್ಣ ಎಂಬ ಪದಕ್ಕೇ ಕಪ್ಪು ಎಂದರ್ಥ. ಆ ಕಪ್ಪನ್ನು ಚಿತ್ರಕಾರರು ನೀಲಿ ಮಾಡಿದರು. ರಾಮನೂ ನೀಲಿಯಾದ. ಇದು ಚಿತ್ರಕಥೆಯವರೇ ಕಂಡುಹಿಡಿದದ್ದಲ್ಲ, ಕ್ಯಾಲೆಂಡರಿನ ಕಾಲದಿಂದಲೂ ನಡೆದುಬಂದದ್ದು. ಆದರೆ ಅವರು ಅದನ್ನು ಲಕ್ಷ ಲಕ್ಷ ಮಕ್ಕಳ ಕೈಗೆ ಇಟ್ಟರು. ದೇವರು ಕಪ್ಪಾದರೆ ನೀಲಿ, ರಾಕ್ಷಸ ಕಪ್ಪಾದರೆ ಕಪ್ಪೇ! ಅವನಿಗೆ ದಪ್ಪ ತುಟಿ, ಕೋರೆಹಲ್ಲು, ಕೆದರಿದ ಕೂದಲು. ದ್ರೌಪದಿಗೂ ಕೃಷ್ಣೆ ಎಂಬ ಹೆಸರಿದೆ. ಅವಳೂ ಕಪ್ಪು ಹೆಣ್ಣೇ. ಚಿತ್ರಕಥೆಯ ಯಾವ ರಾಣಿಯ ಮೈಯಲ್ಲಿ ಆ ಕಪ್ಪು ಉಳಿದಿದೆ, ತೋರಿಸಿ ನೋಡೋಣ. ಹೊಲದಲ್ಲಿ ಬಿಸಿಲಿಗೆ ಬೆಂದ ತನ್ನ ತಾಯಿಯ ಮುಖವನ್ನು ಹುಡುಕಿಕೊಂಡು ನಮ್ಮ ಹುಡುಗಿಯೊಬ್ಬಳು ಆ ಪುಸ್ತಕ ತಿರುವಿಹಾಕಿದರೆ ಅವಳಿಗೆ ಸಿಗುವುದು ತಾಟಕಿ, ಶೂರ್ಪನಖಿ. (ನೀಲಿ ನಮ್ಮ ಬಾವುಟದ ಬಣ್ಣ ಕೂಡ. ಆ ನೀಲಿ ಬೇರೆ, ಈ ನೀಲಿ ಬೇರೆ.)

ಬಾಬಾಸಾಹೇಬರ ಚಿತ್ರಕಥೆಯನ್ನೂ ಅವರು ತಂದಿದ್ದಾರಲ್ಲ ಅನ್ನುತ್ತೀರಿ. ತಂದಿದ್ದಾರೆ. 1979ರಲ್ಲಿ, ಸರಣಿ ಶುರುವಾಗಿ ಹನ್ನೆರಡು ವರ್ಷ ಕಳೆದ ಮೇಲೆ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು ಎಂಬುದನ್ನೂ ನೆನಪಿಟ್ಟುಕೊಳ್ಳಿ. ಪುಸ್ತಕ ಬಂದದ್ದು ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಆದರೆ ಪಂಕ್ತಿ ನೋಡಿ. ರಾಮನನ್ನಾಗಲಿ ಕೃಷ್ಣನನ್ನಾಗಲಿ ಪೂಜಿಸುವುದಿಲ್ಲ ಎಂದು 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸಿದ ಮನುಷ್ಯನನ್ನು ರಾಮ ಕೃಷ್ಣರ ಸರಣಿಯಲ್ಲೇ ಒಂದು ಸಂಖ್ಯೆಯಾಗಿ ಕೂರಿಸಿದ್ದಾರೆ. ಊಟದ ಮನೆಯಲ್ಲಿ ನಮಗೂ ಒಂದು ಎಲೆ ಹಾಕಿದ್ದಾರೆ ಅಂತ ಹಿಗ್ಗುವವರು ಹಿಗ್ಗಲಿ. ಬಡಿಸುವವರು ಯಾರು, ಅಡಿಗೆ ಯಾರದು ಅಂತ ಕೇಳುವವರೂ ನಮ್ಮಲ್ಲಿ ಇರಬೇಕಲ್ಲ?

ಅದೇ ಬಳಗದ ‘ಟಿಂಕಲ್’ ಪತ್ರಿಕೆ 1980ರಲ್ಲಿ ಬಂತು. 1983ರಲ್ಲಿ ಅದರಲ್ಲಿ ಸುಪ್ಪಂಡಿ ಕಾಣಿಸಿಕೊಂಡ. ಇವನ ಬಗ್ಗೆ ನನಗೆ ಹೆಚ್ಚು ಸಿಟ್ಟು, ಯಾಕೆಂದರೆ ಇವನು ದೇವರಲ್ಲ, ಆಳು. ಯಜಮಾನ ಹೇಳಿದ್ದನ್ನು ಅಕ್ಷರಶಃ ಮಾಡಿ ಕೆಲಸ ಕೆಡಿಸುವ ಹಳ್ಳಿಗಮಾರ. ಪುಟದ ಕೊನೆಯ ಚೌಕದಲ್ಲಿ ಯಜಮಾನ ತಲೆ ಚಚ್ಚಿಕೊಳ್ಳುತ್ತಾನೆ, ಓದುವ ಮಕ್ಕಳು ನಗುತ್ತಾರೆ. ಯಾರ ಮಕ್ಕಳು? ಮನೆಯಲ್ಲಿ ಆಳು ಇಟ್ಟುಕೊಂಡವರ ಮಕ್ಕಳು. ತಮ್ಮ ಮನೆಯ ಪಾತ್ರೆ ತಿಕ್ಕುವವಳು, ಕಾರು ತೊಳೆಯುವವನು ದಡ್ಡರಾಗಿಯೇ ಹುಟ್ಟಿದವರು ಎಂದು ನಂಬಿಸುವುದಕ್ಕೆ ಇದಕ್ಕಿಂತ ಸಿಹಿಯಾದ ಔಷಧಿ ಬೇಕೆ?

ಸುಪ್ಪಂಡಿಯ ಮೂಲ ತಮಿಳು ಜನಪದ ಕಥೆಗಳಲ್ಲಿದೆ. ಇಂಥ ಕಥೆಗಳು ನಮ್ಮ ಕಡೆಯೂ ಇವೆ. ಕೇರಿಯ ಜಗಲಿ ಮೇಲೆ ಕೂತು ಅದೇ ಕಥೆ ಹೇಳುವಾಗ ಆಳು ದಡ್ಡನಲ್ಲ, ಮಹಾ ಕಿಲಾಡಿ. ‘ನೀವೇ ಹೇಳಿದ್ರಲ್ಲ ಬುದ್ದಿ, ಹಂಗೇ ಮಾಡ್ದೆ’ ಅಂತ ಕೈಕಟ್ಟಿಕೊಂಡು ನಿಂತವನು ಒಳಗೊಳಗೇ ನಗುತ್ತಿರುತ್ತಾನೆ. ಎದುರು ಮಾತಾಡಿದರೆ ಬಾರುಕೋಲು ಬೀಳುವ ಕಡೆ ಅವನು ಕಂಡುಕೊಂಡ ಬಂಡಾಯ ಅದು. ಕಥೆ ಜಗಲಿಯಿಂದ ಮುಂಬಯಿಯ ಅಚ್ಚುಮನೆಗೆ ಹೋಗುವಷ್ಟರಲ್ಲಿ ಆ ಒಳನಗೆಯನ್ನು ಸೋಸಿ ಬಿಸಾಕಿದರು. ಉಳಿದದ್ದು ಪೆದ್ದುತನ.

ವಿದೇಶದ ಚಿತ್ರಕಥೆಗಳೇ ವಾಸಿ ಎನ್ನುವ ಗೆಳೆಯರಿದ್ದಾರೆ. 1936ರಲ್ಲಿ ಅಮೆರಿಕದಲ್ಲಿ ಹುಟ್ಟಿ 1964ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮ ದೇಶದ ಮನೆಮನೆಗೆ ಬಂದ ಫ್ಯಾಂಟಮ್ ಯಾರು? ಕಾಡಿನ ಕರಿಯ ಜನಕ್ಕೆ ನ್ಯಾಯ ಹೇಳುವ ಬಿಳಿಯ. ಇಪ್ಪತ್ತೊಂದು ತಲೆಮಾರಿನಿಂದ ಅಪ್ಪನ ಗಾದಿ ಮಗನಿಗೆ. ನಮ್ಮೂರ ಪಟೇಲಿಕೆಗೂ ಇದಕ್ಕೂ ಏನು ವ್ಯತ್ಯಾಸ? ಬ್ಲ್ಯಾಕ್ ಪ್ಯಾಂಥರ್ ಎಂಬ ಕರಿಯ ವೀರನನ್ನು 1966ರ ಜುಲೈ ಸಂಚಿಕೆಯಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದರು. ಅದೇ ಅಕ್ಟೋಬರಿನಲ್ಲಿ ಓಕ್ಲೆಂಡಿನ ಕರಿಯ ಯುವಕರು ಅದೇ ಹೆಸರಿನ ಪಕ್ಷ ಕಟ್ಟಿದರು. ಪ್ರಕಾಶಕರಿಗೆ ಈ ಹೆಸರು ಇರಿಸುಮುರಿಸು ತಂದಿತು. 1972ರಲ್ಲಿ ಸ್ವಲ್ಪ ಕಾಲ ಅವನನ್ನು ಬ್ಲ್ಯಾಕ್ ಲೆಪರ್ಡ್ ಎಂದು ಕರೆದು ನೋಡಿದರು. ತಮಾಷೆ ಏನೆಂದರೆ, ನ್ಯೂಯಾರ್ಕಿನ ಕಂಪನಿ ಬಚ್ಚಿಡಲು ಹೊರಟ ಹೆಸರನ್ನು ಅದೇ 1972ರಲ್ಲಿ ಬೊಂಬಾಯಿಯ ನಾಮದೇವ ಢಸಾಳ ಮತ್ತವರ ಗೆಳೆಯರು ಎದೆಯ ಮೇಲೆ ಹಚ್ಚಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು.

ಆ ದೇಶದಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. 1947ರಲ್ಲಿ ಫಿಲಡೆಲ್ಫಿಯಾದ ಕರಿಯ ಪತ್ರಕರ್ತ ಓರಿನ್ ಇವಾನ್ಸ್ ಕರಿಯರೇ ಬರೆದು ಕರಿಯರೇ ಚಿತ್ರ ಬಿಡಿಸಿದ ‘ಆಲ್ ನೀಗ್ರೋ ಕಾಮಿಕ್ಸ್’ ತಂದರು. ಒಂದೇ ಸಂಚಿಕೆ. ಎರಡನೆಯದಕ್ಕೆ ಕಾಗದ ಸಿಗಲಿಲ್ಲ. ಸಣ್ಣ ಪತ್ರಿಕೆ ನಡೆಸಿ ಕೈ ಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷ ಬಿಟ್ಟು, 1957ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಬಗ್ಗೆ ಒಂದು ಚಿತ್ರಕಥೆ ಬಂತು. ಹದಿನಾರು ಪುಟ, ಬೆಲೆ ಹತ್ತು ಸೆಂಟು. ತಂದದ್ದು ದೊಡ್ಡ ಕಂಪನಿಯಲ್ಲ, ಫೆಲೋಶಿಪ್ ಆಫ್ ರೀಕನ್ಸಿಲಿಯೇಷನ್ ಎಂಬ ಶಾಂತಿವಾದಿಗಳ ಸಂಘ. ಸುಮಾರು ಎರಡೂವರೆ ಲಕ್ಷ ಪ್ರತಿ ಅಚ್ಚಾಗಿ ಇಗರ್ಜಿಗಳಲ್ಲಿ, ಶಾಲೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ರೋಸಾ ಪಾರ್ಕ್ಸ್ ಸೀಟು ಬಿಟ್ಟು ಏಳಲಿಲ್ಲ ಎಂಬ ಕಥೆ ಹೇಳಿ ಅದು ಸುಮ್ಮನಾಗಲಿಲ್ಲ. ಹೊಡೆದರೆ ಏನು ಮಾಡಬೇಕು, ಬೈದರೆ ಹೇಗೆ ನಿಲ್ಲಬೇಕು, ಹೋರಾಟಕ್ಕೆ ಹೇಗೆ ತಯಾರಾಗಬೇಕು ಎಂಬುದನ್ನೂ ಹೇಳಿಕೊಟ್ಟಿತು. ಅದನ್ನು ಓದಿದ ವಿದ್ಯಾರ್ಥಿಗಳಲ್ಲಿ ಜಾನ್ ಲೂಯಿಸ್ ಒಬ್ಬರು. ಮುಂದೆ ಸಂಸದರಾಗಿ, ಮುಪ್ಪಿನಲ್ಲಿ, ತಮ್ಮ ಹೋರಾಟವನ್ನೂ ಅವರು ‘ಮಾರ್ಚ್’ ಎಂಬ ಮೂರು ಸಂಪುಟದ ಚಿತ್ರಕಥೆಯಾಗಿಯೇ ಹೇಳಿದರು. ಮೂರನೆಯ ಸಂಪುಟಕ್ಕೆ 2016ರಲ್ಲಿ ಅಲ್ಲಿನ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂತು. ಹತ್ತು ಸೆಂಟಿನ ಆ ಪುಸ್ತಕ 2008ರಲ್ಲಿ ಅರಬ್ಬಿಯಾಗಿ ಕೈರೋ ಬೀದಿಗೂ ಬಂದಿತ್ತು.

ನಮ್ಮಲ್ಲೂ ಆಗಿಲ್ಲವೆಂದಲ್ಲ. 2011ರಲ್ಲಿ ನವಯಾನ ಪ್ರಕಾಶನದಿಂದ ಎರಡು ಪುಸ್ತಕ ಬಂದವು. ಫುಲೆಯವರ ‘ಗುಲಾಮಗಿರಿ’ಯನ್ನು ಆಧರಿಸಿ ಶ್ರೀವಿದ್ಯಾ ನಟರಾಜನ್ ಬರೆದು ಅಪರಾಜಿತಾ ನಿನಾನ್ ಚಿತ್ರ ಬಿಡಿಸಿದ್ದು ಒಂದು. ಇನ್ನೊಂದು ‘ಭೀಮಾಯನ’. ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಬರೆದ ಅದಕ್ಕೆ ಚಿತ್ರ ಬಿಡಿಸಿದವರು ಪರಧಾನ್ ಗೋಂಡರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ನಮ್ಮ ಪಾತ್ರಗಳನ್ನು ಚೌಕದೊಳಗೆ ಕೂಡಿಹಾಕುವುದಿಲ್ಲ, ಅವುಗಳಿಗೆ ಉಸಿರು ಕಟ್ಟುತ್ತದೆ ಎಂದು ಆ ಗಂಡಹೆಂಡಿರು ಖಡಾಖಂಡಿತ ಹೇಳಿದರು. ಪ್ರೀತಿಯ ಮಾತಿಗೆ ಹಕ್ಕಿಯಾಕಾರದ ಗುಳ್ಳೆ, ಜಾತಿಯ ವಿಷ ಕಕ್ಕುವ ಮಾತಿಗೆ ಚೇಳಿನ ಕೊಂಡಿ. ಓದು ಬಾರದ ನಮ್ಮಪ್ಪನ ಕೈಗೆ ಆ ಪುಸ್ತಕ ಕೊಟ್ಟಾಗ ಯಾರ ಮಾತಿಗೆ ಕೊಂಡಿ ಇದೆ ಎಂಬುದನ್ನು ಅವನು ನನ್ನ ಸಹಾಯವಿಲ್ಲದೆ ಬೆರಳಿಟ್ಟು ತೋರಿಸಿದ. ಪದವಿ ಮುಗಿಸಿದ ನಾನು ಬರೆದ ಪದ್ಯಗಳಲ್ಲಿ ಒಂದೂ ಇಷ್ಟು ಸಲೀಸಾಗಿ ಅವನನ್ನು ಮುಟ್ಟಿಲ್ಲ.

ಆದರೆ ಆ ಪುಸ್ತಕ ಮೊದಲು ಬಂದದ್ದು ಇಂಗ್ಲಿಷಿನಲ್ಲಿ, ಪಟ್ಟಣದ ಅಂಗಡಿಗೆ, ನಯವಾದ ಕಾಗದದಲ್ಲಿ. ಅದರ ಮೊದಲ ಪುಟಗಳಲ್ಲಿ ಮೀಸಲಾತಿ ಬಗ್ಗೆ ಗೊಣಗುವ ಹುಡುಗನೊಬ್ಬ ಇದ್ದಾನೆ. ಅವನಿಗೆ ತಿಳಿಹೇಳಲೆಂದೇ ಉಳಿದ ಕಥೆ. ಅವನಿಗೂ ತಿಳಿಯಲಿ. ನಮ್ಮ ಕೇರಿಯ ಹುಡುಗನಿಗೆ ಹೇಳುವ ಕಥೆ ಯಾರು ಬರೆಯಬೇಕು? ಹಳ್ಳಿ ಶಾಲೆಯ ಮೇಷ್ಟರುಗಳೇ, ನಿಮ್ಮ ಶಾಲೆಯ ಪುಸ್ತಕದ ಪೆಟ್ಟಿಗೆ ತೆಗೆದು ನೋಡಿ. ರಾಮಾಯಣದ ಚಿತ್ರಪುಸ್ತಕ ಎಷ್ಟಿವೆ, ಭೀಮನದು ಎಷ್ಟಿವೆ?

ಈಗ ನಮ್ಮವರನ್ನೇ ಕೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಓದು ಬಾರದ ಜನರ ಬಳಿಗೆ ಚಳವಳಿ ಹಾಡು ತೆಗೆದುಕೊಂಡು ಹೋಯಿತು. ಬೀದಿನಾಟಕ ತೆಗೆದುಕೊಂಡು ಹೋಯಿತು. ಚಿತ್ರವನ್ನು ಯಾಕೆ ಕೈಬಿಟ್ಟಿರಿ? ಕವಿಗಳು ಕವಿಗಳಿಗಾಗಿ ಸಂಕಲನ ತರುತ್ತಾ, ಮುನ್ನುಡಿ ಬೆನ್ನುಡಿ ಬರೆದುಕೊಳ್ಳುತ್ತಾ ಕೂತಿದ್ದೇವೆ. ಅಷ್ಟರಲ್ಲಿ ಎಂಟು ವರ್ಷದ ಮಗುವನ್ನು ಪುರೋಹಿತಶಾಹಿಯ ಬಣ್ಣದ ಡಬ್ಬಿಗೆ ಒಪ್ಪಿಸಿದ್ದೇವೆ. ಚಿತ್ರ ಬಿಡಿಸುವವರಿಲ್ಲ ಅನ್ನಬೇಡಿ. ಕೇರಿಯ ಗೋಡೆಗಳ ಮೇಲೆ ನೀಲಿ ಕೋಟಿನ ಬಾಬಾಸಾಹೇಬರನ್ನು ಬರೆದ ಬೋರ್ಡು ಪೇಂಟರುಗಳು ಯಾರ ಮಕ್ಕಳು? ಊರೂರು ಸುತ್ತಿ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ತಲೆಮಾರುಗಳಿಂದ ಚಿತ್ರದಲ್ಲೇ ಕಥೆ ಹೇಳಿದವರಲ್ಲವೆ? ಅವರ ಆಟದಲ್ಲಿ ಮೊದಲು ಬರುವ ಕಿಳ್ಳೇಕ್ಯಾತ ಕಪ್ಪು ಮೈಯವನು, ಯಾರನ್ನು ಬೇಕಾದರೂ ಗೇಲಿ ಮಾಡುವವನು. ಸುಪ್ಪಂಡಿಗೆ ಅವನೇ ಉತ್ತರ.

ಹದಿನಾರು ಪುಟ ಸಾಕು. ಮೊದಲ ಕಥೆ 1901ರದ್ದಾಗಲಿ, ಬಾಬಾಸಾಹೇಬರು ತಾವೇ ಬರೆದಿಟ್ಟದ್ದು. ಸಾತಾರದಿಂದ ಅಪ್ಪನನ್ನು ನೋಡಲು ಹೊರಟ ಹುಡುಗರು ಮಸೂರು ಸ್ಟೇಷನ್ನಿನಲ್ಲಿ ಇಳಿದಿದ್ದಾರೆ. ಒಳ್ಳೆಯ ಬಟ್ಟೆ ತೊಟ್ಟಿದ್ದಾರೆ. ಮಹಾರರು ಎಂದು ಕೇಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಎರಡರಷ್ಟು ಬಾಡಿಗೆ ಕೊಡುತ್ತೇವೆಂದರೂ ಗಾಡಿಯವನು ಅವರ ಜೊತೆ ಕೂರಲು ಒಪ್ಪುವುದಿಲ್ಲ. ಹುಡುಗರೇ ಎತ್ತು ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರಬೇಕು. ಬುತ್ತಿಯಲ್ಲಿ ಊಟ ತುಂಬಿದೆ. ಕುಡಿಯುವ ನೀರು ಯಾರೂ ಕೊಡುವುದಿಲ್ಲ. ಕಥೆ ಹೇಳುವುದಕ್ಕೆ ಕಿಳ್ಳೇಕ್ಯಾತ ಗಾಡಿಯ ಹಿಂದೆ ಬರಲಿ. ಚಿತ್ರ ಬಿಡಿಸಬಲ್ಲವರು, ಗೋಡೆ ಬರೆಯುವವರಾದರೂ ಸರಿ, ಈ ಪತ್ರಿಕೆಯ ವಿಳಾಸಕ್ಕೆ ಎರಡು ಪುಟ ಬಿಡಿಸಿ ಕಳಿಸಿ. ನಾಲ್ಕು ಬಣ್ಣಕ್ಕೆ ನಮ್ಮ ಹತ್ತಿರ ದುಡ್ಡಿಲ್ಲ. ಕಪ್ಪು ಮಸಿಯಲ್ಲೇ ಅಚ್ಚು ಹಾಕಿಸುತ್ತೇವೆ.